ಹಾಲು ಮೊದಲು, ಐಸ್‌ಕ್ರೀಮ್ ಆಮೇಲೆ: ಬೆಂಗಳೂರಿನ ಬಗ್ಗೆ ಓದುಗರು ಕೇಳಿದ್ದು

ಹೋದ ಸಂಚಿಕೆಯಲ್ಲಿ ಎಂ.ಜಿ. ರೋಡಿನ ಹಳೇ ಐಸ್‌ಕ್ರೀಮ್ ಅಂಗಡಿಗಳ ಬಗ್ಗೆ ಒಂದು ಪುಟದ ಟಿಪ್ಪಣಿ ಹಾಕಿದ್ವಿ. ಅದನ್ನ ಓದಿ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಐಸ್‌ಕ್ರೀಮ್ ಬಗ್ಗೆ ಅಲ್ಲ, ಹಾಲಿನ ಬಗ್ಗೆ ಇದ್ವು, ಡೈರಿ ಬಗ್ಗೆ, ಬಾಟ್ಲಿ ಹಾಲಿನ ಬಗ್ಗೆ, ಮನೆಬಾಗಿಲಿಗೆ ಹಸು ಹೊಡ್ಕೊಂಡು ಬರ್ತಿದ್ದವರ ಬಗ್ಗೆ. ನಂಗೆ ಅದು ತುಂಬಾ ಸರಿ ಅನ್ಸ್ತು, ಯಾಕಂದ್ರೆ ಈ ಊರಿನ ಐಸ್‌ಕ್ರೀಮ್ ಕಥೆ ಹೇಳ್ಬೇಕಂದ್ರೆ ಮೊದಲು ಹಾಲಿನ ಕಥೆನೇ ಹೇಳ್ಬೇಕು. ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೀನಿ, ಒಂದೆರಡು ಉದ್ದ ಆಗಿವೆ, ವಿಷಯ ಅಷ್ಟಿದೆ.

ಪ್ರಶ್ನೆ: ಮೇಡಂ, ಐಸ್‌ಕ್ರೀಮ್ ಅನ್ನೋದು ಇಂಗ್ಲಿಷರು ತಂದಿದ್ದು ಅಂತೀರಿ, ಕುಲ್ಫಿ ನಮ್ಮಲ್ಲಿ ಮೊದಲೇ ಇತ್ತಲ್ವಾ? ಬೆಂಗಳೂರಿಗೆ ಇದು ಹೇಗೆ ಅಂಟ್ಕೊಂಡಿತು? (ಬಸವನಗುಡಿಯ ಓದುಗರು)

ಉತ್ತರ: ಕುಲ್ಫಿ ಇತ್ತು, ಖಂಡಿತ ಇತ್ತು. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲಿ ಪೆಟ್ಲುಪ್ಪು ಹಾಕಿ ನೀರು ತಣ್ಣಗೆ ಮಾಡೋದು, ಬೆಟ್ಟದಿಂದ ಲಾಹೋರಿಗೆ ಹಿಮ ತರ್ಸೋದು ಎಲ್ಲಾ ಬರೆದಿದೆ. ಆದ್ರೆ ಕುಲ್ಫಿ ಮತ್ತೆ ಐಸ್‌ಕ್ರೀಮ್ ಮಾಡೋ ರೀತಿನೇ ಬೇರೆ. ಕುಲ್ಫಿಗೆ ಹಾಲನ್ನ ಚೆನ್ನಾಗಿ ಬತ್ತಿಸಿ, ಲೋಹದ ಅಚ್ಚಿಗೆ ಸುರಿದು, ಬಾಯಿಗೆ ಹಿಟ್ಟು ಮೆತ್ತಿ, ಉಪ್ಪು ಹಾಕಿದ ಐಸಲ್ಲಿ ಹೂತಿಟ್ಟುಬಿಡ್ತಾರೆ, ಅದನ್ನ ಯಾರೂ ಕಲಕಲ್ಲ, ಅದಕ್ಕೇ ಅದು ಗಟ್ಟಿ, ನಿಧಾನಕ್ಕೆ ಕರಗತ್ತೆ. ಐಸ್‌ಕ್ರೀಮ್ ಆಗೋದು ಹೆಪ್ಪುಗಟ್ಟೋ ಹೊತ್ತಲ್ಲಿ ಬಿಡದೆ ತಿರುವಿದ್ರೆ ಮಾತ್ರ, ತಿರುವ್ತಾ ತಿರುವ್ತಾ ಒಳಗೆ ಗಾಳಿ ಸೇರತ್ತೆ, ಐಸ್ ಹರಳು ದೊಡ್ಡದಾಗೋಕೆ ಬಿಡಲ್ಲ. ಕೈಯಲ್ಲಿ ತಿರುಗಿಸೋ ಮೆಷಿನ್ನಿಗೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಅನ್ನೋ ಹೆಣ್ಣುಮಗಳು 1843ರಲ್ಲಿ ಪೇಟೆಂಟ್ ತಗೊಂಡ್ಲು. ಹೊರಗೆ ಮರದ ಬಕೆಟ್ಟು, ಒಳಗೆ ತಗಡಿನ ಡಬ್ಬ, ಮಧ್ಯದ ಜಾಗದಲ್ಲಿ ಐಸು ಮತ್ತೆ ಕಲ್ಲುಪ್ಪು. ಉಪ್ಪು ಬಿದ್ರೆ ಐಸು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಕರಗ್ತಾನೇ ಇರತ್ತೆ, ಸರಿಯಾದ ಪ್ರಮಾಣದಲ್ಲಿ ಬೆರೆಸಿದ್ರೆ ಮೈನಸ್ 21 ಡಿಗ್ರಿವರೆಗೂ ಇಳಿಯತ್ತೆ, ಕರಗೋಕೆ ಬೇಕಾದ ಶಾಖಾನ ಒಳಗಿನ ಹಾಲಿಂದ ಎಳ್ಕೊಳತ್ತೆ. ಕುಲ್ಫಿಗೂ ಇದೇ ವಿದ್ಯೆ, ಐಸ್‌ಕ್ರೀಮಿಗೂ ಇದೇ.

ಇನ್ನು ನಮ್ಮೂರು. 1809ರಲ್ಲಿ ಕಂಟೋನ್ಮೆಂಟ್ ಆಯ್ತು, ಬೆಣ್ಣೆ ಬ್ರೆಡ್ಡು ಕ್ರೀಮು ದಿನಾ ಬೇಕು ಅನ್ನೋ ದೊಡ್ಡ ಗುಂಪು ಇಲ್ಲೇ ನೆಲೆ ನಿಂತಿತು. ಇನ್ನೊಂದು ಕಡೆ 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ದೀಪಕ್ಕೆ ಬಂತು, ಬೇರೆ ಎಷ್ಟೋ ಊರು ಇನ್ನೂ ಸೀಮೆಎಣ್ಣೆ ದೀಪದಲ್ಲಿದ್ದ ಕಾಲ ಅದು. ಐಸ್ ಮಾಡೋಕೆ, ಮಾಡಿದ್ದನ್ನ ಕಾಪಾಡೋಕೆ ಕರೆಂಟು ಇದ್ರೆ ತುಂಬಾ ಸುಲಭ. ಕೊಳ್ಳೋ ಜನ ಮತ್ತೆ ಕರೆಂಟು ಎರಡೂ ಇದ್ದ ಊರಲ್ಲಿ ಐಸ್‌ಕ್ರೀಮ್ ಬೇರು ಬಿಡೋದು ಸಹಜನೇ. 1930ರಲ್ಲಿ ಒಬ್ಬ ಇಂಗ್ಲಿಷಿನವರು ಶುರು ಮಾಡಿದ ಲೇಕ್‌ವ್ಯೂ ಮಿಲ್ಕ್ ಬಾರ್ ನಮ್ಮ ಹಳೇ ಅಂಗಡಿಗಳಲ್ಲೆಲ್ಲಾ ದೊಡ್ಡ ಹೆಸರು, ಆಗ ಎಂ.ಜಿ. ರೋಡಿಗೆ ಸೌತ್ ಪರೇಡ್ ಅಂತ ಕರೀತಿದ್ರು. ಸ್ವಾತಂತ್ರ್ಯ ಬಂದ ಮೇಲೆ ಅಂಗಡಿ ನಮ್ಮವರ ಕೈಗೆ ಬಂತು. ಆ ಬೋರ್ಡಲ್ಲಿ ದೊಡ್ಡದಾಗಿ ಇದ್ದಿದ್ದು 'ಮಿಲ್ಕ್ ಬಾರ್' ಅಂತ, ಐಸ್‌ಕ್ರೀಮ್ ಪಾರ್ಲರ್ ಅಂತಲ್ಲ. ಹಾಲು ಚೆನ್ನಾಗಿದೆ ಅನ್ನೋದೇ ಆ ಕಾಲದಲ್ಲಿ ಅಂಗಡಿಯ ದೊಡ್ಡ ಜಾಹೀರಾತು.

ಪ್ರಶ್ನೆ: ಗಾಂಧೀಜಿ ಬೆಂಗಳೂರಲ್ಲಿ ಹಸು ಸಾಕೋದು ಕಲಿತ್ರು ಅಂತ ನಮ್ಮ ತಾತ ಹೇಳ್ತಿದ್ರು. ನಿಜಾನಾ ಅಥವಾ ಕಟ್ಟುಕಥೆನಾ? (ಮಲ್ಲೇಶ್ವರಂನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಜ ಕಣಮ್ಮ, ನಿಮ್ಮ ತಾತ ಸರಿಯಾಗೇ ಹೇಳಿದಾರೆ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು, ಮೈಸೂರು ಸಂಸ್ಥಾನದ ಅತಿಥಿಯಾಗಿ ಮೊದಲು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರಕೃಪದಲ್ಲಿ ವಿಶ್ರಾಂತಿಗೆ ಅಂತ ಇದ್ರು. ವಿಶ್ರಾಂತಿ ಅಂದ್ರೂ ಸುಮ್ಮನೆ ಕೂತವರಲ್ಲ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಸರ್ಕಾರದ ಪಶುಸಂಗೋಪನೆ ಮತ್ತು ಡೈರಿ ಸಂಸ್ಥೆ ಇತ್ತು, ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಅಂತ ಕರೀತಿದ್ರು, 1923ರಲ್ಲಿ ಶುರುವಾಗಿದ್ದು. ಅದಕ್ಕೂ ಮೊದಲು ಅದು ಮಿಲಿಟರಿಯವರ ಡೈರಿ ಫಾರಂ, ಸೋಲ್ಜರ್‌ಗಳಿಗೆ ಹಾಲು ಬೆಣ್ಣೆ ಒದಗಿಸೋ ಜಾಗ. ಗಾಂಧೀಜಿ ಮತ್ತೆ ಮದನ ಮೋಹನ ಮಾಳವೀಯರು ಜೂನ್ ತಿಂಗಳಲ್ಲಿ ಹೆಚ್ಚುಕಮ್ಮಿ ಎರಡು ವಾರ ಅಲ್ಲಿಗೆ ಹೋಗಿ ಹಸು ಆಯ್ಕೆ, ಮೇವು, ತಳಿ, ಹಾಲಿನ ಲೆಕ್ಕ ಎಲ್ಲಾ ಕಲಿತ್ರು. ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡ್ವಾಗ ಗಾಂಧೀಜಿ ತಮ್ಮ ಕಸುಬು ರೈತ, ಊರು ಸಾಬರಮತಿ ಅಂತ ಬರೆದ್ರು.

ಇದನ್ನ ಬರೀ ಸ್ವಾರಸ್ಯದ ಘಟನೆ ಅಂತ ಹೇಳಿ ಬಿಟ್ಟುಬಿಡೋಕೆ ನಂಗೆ ಮನಸ್ಸಿಲ್ಲ. ಗೋರಕ್ಷಣೆ ಅಂದ್ರೆ ಹಸು ಚೆನ್ನಾಗಿ ಹಾಲು ಕೊಡೋ ಹಾಗೆ, ಸಾಕೋನಿಗೆ ನಷ್ಟ ಆಗದ ಹಾಗೆ ನೋಡ್ಕೊಳ್ಳೋದು, ಗೋಶಾಲೆಗಳೆಲ್ಲಾ ವೈಜ್ಞಾನಿಕವಾಗಿ ನಡೆಯೋ ಡೈರಿಗಳಾಗ್ಬೇಕು ಅನ್ನೋದು ಅವರ ಗಟ್ಟಿ ಅಭಿಪ್ರಾಯ ಆಗಿತ್ತು, ಆ ಅಭಿಪ್ರಾಯಕ್ಕೆ ಲೆಕ್ಕದ ಬಲ ಹುಡುಕಿಕೊಂಡು ಅವರು ಕಾಯಿಲೆ ಮೈಯಲ್ಲೂ ಆಡುಗೋಡಿಗೆ ಬಂದ್ರು. ಇಷ್ಟು ದೊಡ್ಡ ಮನುಷ್ಯ ಹಟ್ಟಿಯಲ್ಲಿ ನಿಂತು ಶಿಷ್ಯನ ಹಾಗೆ ಕೇಳಿ ಕಲಿತ ಜಾಗ ನಮ್ಮೂರಲ್ಲಿದೆ, ದಿನಾ ಲಕ್ಷಾಂತರ ಜನ ಅದರ ಕಾಂಪೌಂಡ್ ಪಕ್ಕದಲ್ಲೇ ಟ್ರಾಫಿಕ್ಕಲ್ಲಿ ನಿಂತಿರ್ತಾರೆ, ಗೊತ್ತಿರೋರು ಎಷ್ಟು ಕಮ್ಮಿ!

ಆ ಸಂಸ್ಥೆಯಲ್ಲೇ ಡೈರಿ ಡಿಪ್ಲೊಮಾ ಕೋರ್ಸು ನಡೀತಿತ್ತು, ದೇಶದ ಮೂಲೆ ಮೂಲೆಯಿಂದ ಹುಡುಗರು ಬಂದು ಓದ್ತಿದ್ರು. ಮುಂದೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗೋ ಮೊದಲು ತರಬೇತಿಗೆ ಬಂದಿದ್ದು ಇಲ್ಲಿಗೇ. 1955ರಲ್ಲಿ ಮುಖ್ಯ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋಯ್ತು, ಈಗ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಅಂತ ಹೆಸರು, ಆಡುಗೋಡಿಯದು ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳ್ಕೊಂಡಿದೆ.

ಪ್ರಶ್ನೆ: ಗಾಜಿನ ಬಾಟ್ಲಿಯಲ್ಲಿ ಡೈರಿ ಹಾಲು ಬರ್ತಿತ್ತು ಅಂದ್ರೆ ಮೊಮ್ಮಕ್ಕಳು ನಂಬ್ತಾನೇ ಇಲ್ಲ. ಬೆಂಗಳೂರು ಡೈರಿ ಶುರುವಾದ ಕಥೆ ಸ್ವಲ್ಪ ಬರೀರಿ, ಅವರಿಗೆ ತೋರಿಸ್ತೀನಿ. (ಜಯನಗರದಿಂದ ಹಿರಿಯರೊಬ್ಬರು)

ಉತ್ತರ: ತೋರಿಸಿ ಸರ್, ನೀವು ಹೇಳಿದ್ದು ಪೂರ್ತಿ ನಿಜ. ಡೈರಿಗೂ ಹಿಂದಿಂದ ಶುರು ಮಾಡ್ತೀನಿ.

ಡೈರಿ ಬರೋ ಮೊದಲು ಬೆಂಗಳೂರಿಗೆ ವರ್ತನೆ ಹಾಲೇ ಗತಿ. ಹತ್ತಿರದ ಹಳ್ಳಿಯಿಂದಲೋ, ಊರೊಳಗೇ ಇದ್ದ ಕೊಟ್ಟಿಗೆಯಿಂದಲೋ ಹಾಲಿನವರು ಬರ್ತಿದ್ರು, ತಿಂಗಳ ಲೆಕ್ಕ, ಗೋಡೆ ಮೇಲೆ ಗೆರೆ. ಕೆಲವರು ಹಸುನೇ ಬಾಗಿಲಿಗೆ ಹೊಡ್ಕೊಂಡು ಬಂದು ಕಣ್ಣೆದುರಿಗೇ ಕರೆದು ಕೊಡ್ತಿದ್ರು, ಮನೆಯವರು ಚೊಂಬು ಮೊದಲು ಬೋರಲು ಹಾಕಿ ತೋರ್ಸು ಅಂತಿದ್ರು, ಒಳಗೆ ನೀರಿಲ್ಲ ಅಂತ ಖಾತ್ರಿಗೆ. ಹಾಗಿದ್ರೂ ನಮ್ಮ ನಾಡ ಹಸು ಕೊಡ್ತಿದ್ದಿದ್ದೇ ಸ್ವಲ್ಪ. ಹಳ್ಳಿಕಾರ್, ಅಮೃತಮಹಲ್ ನಮ್ಮ ಹೆಮ್ಮೆಯ ತಳಿಗಳು, ಆದ್ರೆ ಅವು ದುಡಿಮೆಯ ತಳಿಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ಹಿಂಡಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ, ಹೆಸರಲ್ಲಿ ಬೆಣ್ಣೆ, ಅಮೃತ ಎರಡೂ ಇದ್ರೂ ಆ ಎತ್ತುಗಳು ಹೆಸರು ಮಾಡಿದ್ದು ಫಿರಂಗಿ ಎಳೆದು. ಊರು ಬೆಳೀತಾ ಹೋಯ್ತು, ಎಚ್‌ಎಎಲ್ಲು, ಐಟಿಐ, ಎಚ್‌ಎಂಟಿ ಅಂತ ಫ್ಯಾಕ್ಟರಿ ಕಾಲೋನಿಗಳು ಬಂದ್ವು, ಅಷ್ಟು ಜನಕ್ಕೆ ಚೊಂಬಿನ ಹಾಲು ಸಾಕಾಗೋದಾದ್ರೂ ಹೇಗೆ?

ಯುನಿಸೆಫ್ ನೆರವಿನಿಂದ ಬೆಂಗಳೂರು ಡೈರಿ ಕಟ್ಟಿದ್ರು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಬಂದು ಉದ್ಘಾಟನೆ ಮಾಡಿದ್ರು, ದಿನಕ್ಕೆ 50,000 ಲೀಟರ್ ಸಾಮರ್ಥ್ಯ. ಅದಕ್ಕೆ ಸ್ವಲ್ಪ ಹಿಂದೆ, 1964ರ ಅಕ್ಟೋಬರಲ್ಲಿ, ಶಾಸ್ತ್ರಿಯವರು ಗುಜರಾತಿನ ಆಣಂದ್ ಹತ್ತಿರದ ಅಜರಪುರ ಅನ್ನೋ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಒಂದು ರಾತ್ರಿ ಉಳಿದು, ಅಮುಲ್ ಯಾಕೆ ಗೆದ್ದಿದೆ ಅಂತ ಜನರ ಬಾಯಿಂದಲೇ ಕೇಳಿ ತಿಳ್ಕೊಂಡಿದ್ರು. ಅಂದ್ರೆ ನಮ್ಮ ಡೈರಿ ಉದ್ಘಾಟನೆಗೆ ಬಂದಾಗ ಆ ವಿಷಯ ಅವರ ತಲೆಯಲ್ಲಿ ಹಸಿಹಸಿಯಾಗೇ ಇತ್ತು.

ಬಾಟ್ಲಿ ಅಂದ್ರೆ ಅಗಲ ಬಾಯಿಯ ದಪ್ಪ ಗಾಜು, ಮೇಲೆ ಬೆಳ್ಳಿ ಕಾಗದದಂಥ ಅಲ್ಯುಮಿನಿಯಂ ಮುಚ್ಚಳ, ಬೆರಳಲ್ಲಿ ಒತ್ತಿದ್ರೆ ಒಳಕ್ಕೆ ಹೋಗತ್ತೆ, ಆ ಮುಚ್ಚಳದ ಒಳಗಡೆ ಕೆನೆ ಅಂಟ್ಕೊಂಡಿರತ್ತೆ, ಅದನ್ನ ನೆಕ್ಕೋಕೆ ಮಕ್ಕಳಲ್ಲಿ ಪೈಪೋಟಿ. ಕಾರ್ಡ್ ಹಿಡ್ಕೊಂಡು ಬೆಳಗಿನ ಜಾವ ಬೂತ್ ಮುಂದೆ ಕ್ಯೂ, ಖಾಲಿ ಬಾಟ್ಲಿ ತೊಳ್ದು ವಾಪಸ್ ಕೊಟ್ರೆ ತುಂಬಿದ ಬಾಟ್ಲಿ. ಕ್ಯೂನಲ್ಲಿ ಆಗೋ ಪರಿಚಯಗಳಿಂದ ಎಷ್ಟೋ ಬೀದಿಗಳಲ್ಲಿ ಸ್ನೇಹ ಬೆಳೀತು. ಬಾಟ್ಲಿ ಹೋಗಿ ಪ್ಯಾಕೆಟ್ ಬಂತು, ಒಡೆಯೋ ಭಯ ಹೋಯ್ತು, ಆದ್ರೆ ಈಗಿನ ಪ್ಲಾಸ್ಟಿಕ್ ರಾಶಿ ನೋಡ್ವಾಗ ಆ ತೊಳ್ದು ತೊಳ್ದು ಬಳಸೋ ಬಾಟ್ಲಿನೇ ಎಷ್ಟು ಒಳ್ಳೇದಿತ್ತು ಅಂತ ನಂಗಂತೂ ಅನ್ಸತ್ತೆ. ಬನ್ನೇರುಘಟ್ಟ ರಸ್ತೆ ಹೊಸೂರು ರಸ್ತೆ ಸೇರೋ ಕಡೆ ಡೈರಿ ಸರ್ಕಲ್ ಅಂತ ಹೆಸರು ಬಂದಿದ್ದೂ ಈ ಡೈರಿಯಿಂದಲೇ, ಮೊಮ್ಮಕ್ಕಳಿಗೆ ಅದನ್ನೂ ಹೇಳಿ.

1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ಡೈರಿ ಅಭಿವೃದ್ಧಿ ಯೋಜನೆ ಬಂತು, ಹಳ್ಳಿಹಳ್ಳಿಯಲ್ಲಿ ಆಣಂದ್ ಮಾದರಿ, ಅಂದ್ರೆ ಹಾಲು ಹಾಕೋ ರೈತರೇ ಒಡೆಯರಾಗಿರೋ ಸಹಕಾರ ಸಂಘಗಳಾದ್ವು, ಬೆಂಗಳೂರು ಡೈರಿನೂ ಆ ವ್ಯವಸ್ಥೆಗೆ ಸೇರ್ಕೊಂಡಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ, ಅಂದ್ರೆ ಕೆಎಂಎಫ್. ನಂದಿನಿ ಬಗ್ಗೆ ನಿಮಗೆ ನಾನು ಹೇಳೋದೇನಿದೆ, ಅಡುಗೆಮನೆಗೆ ಹೋದ್ರೆ ಕಾಣತ್ತೆ. ಇಷ್ಟೆಲ್ಲಾ ಆಗೋಕೆ ಓಡಾಡಿದ ಕೋಲಾರದ ಕಡೆಯ ರಾಜಕಾರಣಿ ಎಂ.ವಿ. ಕೃಷ್ಣಪ್ಪನವರನ್ನ ಮಾತ್ರ ಮರೀಬಾರ್ದು, ಕರ್ನಾಟಕದ ಕ್ಷೀರಕ್ರಾಂತಿಯ ಮಾತು ಬಂದಾಗ ಕೋಲಾರದ ರೈತರು ಈಗ್ಲೂ ಮೊದಲು ಹೇಳೋ ಹೆಸರು ಅವರದೇ.

ಪ್ರಶ್ನೆ: ನಾವು ದಿನಾ ಡೈರಿಗೆ ಹಾಲು ಹಾಕೋರು. ಪೇಟೆಯವರ ಐಸ್‌ಕ್ರೀಮಿಗೂ ನಮಗೂ ಏನ್ ಸಂಬಂಧ ಮೇಡಂ? ನಮ್ಮ ಹಾಲು ಕಾಫಿಗೆ ಹೋಗತ್ತೆ ಅಷ್ಟೇ ಅಂದ್ಕೊಂಡಿದ್ದೆ. (ಕನಕಪುರದ ಕಡೆಯ ಒಂದು ಹಳ್ಳಿಯಿಂದ ರೈತ ಮಹಿಳೆ)

ಉತ್ತರ: ಅಕ್ಕ, ಈ ಸಲದ ಎಲ್ಲಾ ಪ್ರಶ್ನೆಗಳಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ನಿಮ್ಮದೇ. ಸಂಬಂಧ ಏನು ಅಂತ ಲೆಕ್ಕ ಸಮೇತ ಹೇಳ್ತೀನಿ.

ನೀವು ಬೆಳಿಗ್ಗೆ ಕ್ಯಾನ್ ತಂದು ಸುರಿದ ಹಾಲಿಂದ ಒಂದಿಷ್ಟು ತೆಗೆದು ಫ್ಯಾಟು, ಡಿಗ್ರಿ ನೋಡ್ತಾರಲ್ಲ, ಆ ಫ್ಯಾಟೇ ಐಸ್‌ಕ್ರೀಮಿನ ಮೂಲ. ಸೀಮೆಹಸುವಿನ ಹಾಲಲ್ಲಿ ನೂರಕ್ಕೆ 4ರ ಹತ್ತಿರ ಫ್ಯಾಟ್ ಇದೆ ಅಂತ ಇಟ್ಕೊಳ್ಳಿ. ಪೇಟೆಗೆ ಹೋಗೋ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿಗೆ ಕಾನೂನು ಪ್ರಕಾರ ಇರ್ಬೇಕಾದ್ದು 3. ಉಳಿದಿದ್ದು ಕ್ರೀಮಾಗಿ ಬೇರೆ ಆಗತ್ತೆ, ಅದರಿಂದ್ಲೇ ಬೆಣ್ಣೆ, ತುಪ್ಪ, ಐಸ್‌ಕ್ರೀಮು. ಇಂಥ 100 ಲೀಟರ್ ಹಾಲಿಂದ ಸುಮಾರು 1 ಕೆಜಿ ಫ್ಯಾಟ್ ಉಳಿಯತ್ತೆ, ಐಸ್‌ಕ್ರೀಮಿಗೆ ಕನಿಷ್ಠ ನೂರಕ್ಕೆ 10 ಹಾಲಿನ ಫ್ಯಾಟ್ ಬೇಕು, ಹಾಗಾಗಿ ಆ 1 ಕೆಜಿಯಿಂದ 10 ಕೆಜಿ ಮಿಶ್ರಣ, ಅಂದ್ರೆ ಒಂಬತ್ತು ಲೀಟರ್ ಹತ್ತಿರ, ಅದಕ್ಕೆ ಸಮಪ್ರಮಾಣದಲ್ಲಿ ಗಾಳಿ ತುಂಬಿದ್ರೆ ಹದಿನೆಂಟು ಲೀಟರ್ ಹತ್ತಿರ ಐಸ್‌ಕ್ರೀಮ್. ನಿಮ್ಮ ಊರಿನ ಸಂಘಕ್ಕೆ ಒಂದು ಹೊತ್ತಿಗೆ ಬೀಳೋ ಹಾಲನ್ನ ಲೆಕ್ಕ ಹಾಕಿ ನೋಡಿ, ಎಷ್ಟು ಮಕ್ಕಳ ಕೈಗೆ ಕಪ್ ಹೋಗತ್ತೆ ಅಂತ.

ಇನ್ನೊಂದು ವಿಷಯ ಇದೆ, ಅದು ಫ್ಯಾಟಿಗಿಂತ ದೊಡ್ಡದು. ಕರೆದ ಹಾಲು ಬಿಸಿಯಾಗೇ ಕೂತ್ರೆ ಕೆಲವೇ ಗಂಟೆಯಲ್ಲಿ ಕೆಡೋಕೆ ಶುರು, ಹುಳಿ ತಿರುಗಿದ ಹಾಲನ್ನ ಕಾಯಿಸಿದ್ರೆ ಒಡೆದುಹೋಗತ್ತೆ, ಅದರಿಂದ ಎಂಥಾ ದೊಡ್ಡ ಫ್ಯಾಕ್ಟರಿಯೂ ಐಸ್‌ಕ್ರೀಮ್ ಮಾಡೋಕಾಗಲ್ಲ. ನಿಮ್ಮೂರಲ್ಲೋ ಪಕ್ಕದೂರಲ್ಲೋ ಇರೋ ಬಿಎಂಸಿ, ಅಂದ್ರೆ ಬಲ್ಕ್ ಮಿಲ್ಕ್ ಕೂಲರ್, ಆ ದೊಡ್ಡ ಸ್ಟೀಲ್ ತೊಟ್ಟಿ, ಹಾಲನ್ನ 4 ಡಿಗ್ರಿಗೆ ಇಳಿಸಿ ಇಡತ್ತೆ, ಟ್ಯಾಂಕರ್ ಬರೋವರೆಗೂ ಹಾಲು ಹಾಗೇ ಇರತ್ತೆ. ಪಾರ್ಲರಿನ ಗಾಜಿನ ಪೆಟ್ಟಿಗೆಯಲ್ಲಿ ಕಾಣೋ ತಂಪು ಶುರುವಾಗೋದು ನಿಮ್ಮೂರ ತೊಟ್ಟಿಯಲ್ಲಿ. ಕೆಚ್ಚಲು ತೊಳೆದು, ಪಾತ್ರೆ ತೊಳೆದು, ಮಳೆ ಚಳಿ ಅನ್ನದೆ ಎರಡು ಹೊತ್ತೂ ಟೈಮಿಗೆ ತಂದು ಹಾಕೋರು ಬಹುತೇಕ ಹೆಂಗಸರೇ, ಈ ಮಾತನ್ನ ಪೇಟೆಯ ಓದುಗರು ಗಮನವಿಟ್ಟು ಓದ್ಬೇಕು ಅಂತ ಕೇಳ್ಕೊಳ್ತೀನಿ. ಹಿಂಡಿ ಬೂಸಾ ರೇಟು ಏರಿದಷ್ಟು ಬೇಗ ಬಟವಾಡೆ ದುಡ್ಡು ಏರಲ್ಲ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದೀರಿ, ಅದು ನಿಮ್ಮೊಬ್ಬರ ಮಾತಲ್ಲ. ಹಾಲಿನ ರೇಟು ಎರಡು ರೂಪಾಯಿ ಏರಿದ್ರೆ ನಗರದಲ್ಲಿ ಗಲಾಟೆ ಆಗತ್ತೆ, ಅದೇ ಜನ ಒಂದು ಸ್ಕೂಪಿಗೆ ನೂರು ಇನ್ನೂರು ಕೊಡುವಾಗ ಮಾತಾಡಲ್ಲ. ಇದು ಸರಿಯಲ್ಲ ಅಂತ ನಾನು ನೇರವಾಗೇ ಹೇಳ್ತೀನಿ.

ಪ್ರಶ್ನೆ: ಮನೆಯಲ್ಲಿ ಐಸ್‌ಕ್ರೀಮ್ ಮಾಡಿದ್ರೆ ಕಲ್ಲಿನಂತೆ ಆಗತ್ತೆ, ತಿಂದ್ರೆ ಐಸ್ ಐಸ್ ಸಿಗತ್ತೆ. ಅಂಗಡಿಯದ್ದು ಯಾಕೆ ಅಷ್ಟು ಮೆತ್ತಗೆ? (ದಾವಣಗೆರೆಯ ಗೃಹಿಣಿ)

ಉತ್ತರ: ಅಂಗಡಿಯವರು ಹಾಲು, ಕ್ರೀಮು, ಹಾಲಿನ ಪುಡಿ, ಸಕ್ಕರೆ ಬೆರೆಸಿ 80 ಡಿಗ್ರಿ ಆಸುಪಾಸಲ್ಲಿ ಪಾಶ್ಚರೀಕರಣ ಮಾಡ್ತಾರೆ, ಫ್ಯಾಟಿನ ಕಣಗಳನ್ನ ಒತ್ತಡದಲ್ಲಿ ಒಡೆದು ಸಣ್ಣ ಮಾಡ್ತಾರೆ, ಆಮೇಲೆ 4 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಸುಮ್ಮನೆ ಬಿಡ್ತಾರೆ. ಈ ಬಿಡೋದು ತುಂಬಾ ಮುಖ್ಯ, ಫ್ಯಾಟ್ ಗಟ್ಟಿಯಾಗಿ, ಪುಡಿ ನೀರು ಹೀರ್ಕೊಂಡು ಮಿಶ್ರಣ ಹದಕ್ಕೆ ಬರತ್ತೆ. ಆಮೇಲೆ ತಿರುವ್ತಾ ಮೈನಸ್ 5ರ ಹತ್ತಿರಕ್ಕೆ ತಂದು, ಮೆತ್ತಗಿರುವಾಗಲೇ ಕಪ್ಪಿಗೆ ತುಂಬಿ, ಮೈನಸ್ 25, 30ರ ಕೋಣೆಯಲ್ಲಿ ಬೇಗ ಗಟ್ಟಿ ಮಾಡ್ತಾರೆ. ಬೇಗ ಹೆಪ್ಪಾದ್ರೆ ಹರಳು ಸಣ್ಣ, ನಾಲಿಗೆಗೆ ಗೊತ್ತಾಗಲ್ಲ. ನಿಮ್ಮ ಫ್ರಿಜ್ಜಲ್ಲಿ ನಿಧಾನಕ್ಕೆ ಹೆಪ್ಪಾಗೋದ್ರಿಂದ ಹರಳು ದಪ್ಪ. ಹಾಗಾಗಿ ನೀವು ಹೀಗೆ ಮಾಡಿ, ಹಾಲನ್ನ ಮುಕ್ಕಾಲು ಭಾಗಕ್ಕೆ ಬತ್ತಿಸಿ, ಕ್ರೀಮ್ ಸೇರಿಸಿ, ಒಂದು ರಾತ್ರಿ ಫ್ರಿಜ್ಜಲ್ಲಿ ಕೆಳಗೆ ಇಟ್ಟು, ಮರುದಿನ ಅಗಲ ತಟ್ಟೆಯಂಥ ಪಾತ್ರೆಯಲ್ಲಿ ತೆಳ್ಳಗೆ ಹರಡಿ ಫ್ರೀಜರಿಗಿಡಿ, ಅರ್ಧ ಗಂಟೆಗೊಮ್ಮೆ ತೆಗೆದು ಚೆನ್ನಾಗಿ ಕಡೀರಿ, ಮೂರ್ನಾಲ್ಕು ಸಲ. ಸಕ್ಕರೆ ತೀರಾ ಕಮ್ಮಿ ಮಾಡ್ಬೇಡಿ, ಸಕ್ಕರೆ ಇದ್ರೇನೇ ಪೂರ್ತಿ ಕಲ್ಲಾಗೋದು ತಪ್ಪತ್ತೆ. ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾದ್ರೆ ಮಾತ್ರ ಹರಳು ಬಂದೇ ಬರತ್ತೆ, ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ಐಸ್‌ಕ್ರೀಮ್ ಅಂತ ಬರೆದು ಮಂಗಳೂರಿನ ಹೆಸರೇ ಎತ್ತಿಲ್ಲ ನೀವು! ಇದು ಸರಿನಾ? (ಮಂಗಳೂರಿನಿಂದ, ಮೂರು ಜನ ಬೇರೆ ಬೇರೆಯಾಗಿ)

ಉತ್ತರ: ಟಿಪ್ಪಣಿ ಎಂ.ಜಿ. ರೋಡಿಗೆ ಸೀಮಿತ ಆಗಿತ್ತು ಮಾರಾಯ್ರೆ. ಆದ್ರೆ ಐಸ್‌ಕ್ರೀಮ್ ತಿನ್ನೋ ವಿಷಯದಲ್ಲಿ ಮಂಗಳೂರಿಗೆ ಸಮ ಇಲ್ಲ ಅಂತ ಒಪ್ಕೊಳ್ಳೋಕೆ ಬೆಂಗಳೂರಿನವಳಾದ ನಂಗೆ ಯಾವ ಬೇಜಾರೂ ಇಲ್ಲ. 1975ರ ಮೇ 1ರಂದು ಪ್ರಭಾಕರ ಕಾಮತರು ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಶುರು ಮಾಡಿದ್ರು, ಊರೆಲ್ಲಾ ಅವರನ್ನ ಪಬ್ಬಾ ಮಾಮ್ ಅಂತಿತ್ತು, ಆಮೇಲಿನ ಪಬ್ಬಾಸ್‌ಗೆ ಅದೇ ಹೆಸರು. ಗಡ್‌ಬಡ್ ಅಂದ್ರೆ ಕರಾವಳಿಯವರಿಗೆ ವಿವರಣೆ ಬೇಡ, ಬೇರೆ ಕಡೆಯವರಿಗೆ ಹೇಳ್ಬೇಕಂದ್ರೆ ಎತ್ತರದ ಗ್ಲಾಸಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ ದ್ರಾಕ್ಷಿ, ಬೇರೆ ಬೇರೆ ಐಸ್‌ಕ್ರೀಮು ಪದರ ಪದರವಾಗಿ, ಉದ್ದ ಚಮಚ ಹಾಕಿ ತಳದಿಂದ ಎತ್ತಿ ತಿನ್ಬೇಕು. ಮದುವೆ ಊಟ ಆದ್ರೂ, ದೇವಸ್ಥಾನಕ್ಕೆ ಹೋದ್ರೂ, ಪರೀಕ್ಷೆ ಮುಗಿದ್ರೂ ಐಸ್‌ಕ್ರೀಮು ಅನ್ನೋ ಊರು ನಿಮ್ದು. ಮೂಲ್ಕಿಯ ರಘುನಂದನ್ ಕಾಮತರು ಮುಂಬೈಗೆ ಹೋಗಿ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದ್ರು, ಹಣ್ಣಿನ ವ್ಯಾಪಾರಿಯ ಮಗ, ಸೀತಾಫಲ ಎಳನೀರಿನಂಥ ನಮ್ಮ ನೆಲದ ರುಚಿಗಳನ್ನೇ ಐಸ್‌ಕ್ರೀಮಿಗೆ ತಂದು ದೇಶಕ್ಕೆ ತಿನ್ನಿಸಿದ್ರು. 2024ರ ಮೇನಲ್ಲಿ ಅವರು ತೀರ್ಕೊಂಡಾಗ ಮುಂಬೈ ಕನ್ನಡಿಗರು ಮಾತ್ರ ಅಲ್ಲ, ಇಡೀ ಮುಂಬೈ ನೆನೆಸ್ಕೊಂಡಿತು.

ಪ್ರಶ್ನೆ: ನಮ್ಮ ಚಿಕ್ಕಂದಿನಲ್ಲಿ ಊರೂರಿಗೆ ಬೇರೆ ಬೇರೆ ಐಸ್‌ಕ್ರೀಮ್ ಕಂಪನಿ ಇದ್ವು. ಬೆಂಗಳೂರಲ್ಲಿ ಜಾಯ್ ಗಾಡಿ. ಈಗ ಎಲ್ಲಾ ಕಡೆ ಒಂದೇ ಥರ, ಯಾಕೆ? (ವಿಜಯನಗರದ ಓದುಗರು)

ಉತ್ತರ: ಇದಕ್ಕೆ ಒಂದು ಕಾನೂನಿನ ಕಾರಣ ಇದೆ. ನಮ್ಮ ದೇಶದಲ್ಲಿ ಐಸ್‌ಕ್ರೀಮ್ ತಯಾರಿಕೆ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು, 1997ರಲ್ಲಿ ಆ ಮೀಸಲು ತೆಗೆದ್ರು. ಅಲ್ಲಿವರೆಗೂ ದೊಡ್ಡ ಕಂಪನಿಗಳು ಬೇಕಾದಷ್ಟು ದೊಡ್ಡ ಫ್ಯಾಕ್ಟರಿ ಹಾಕೋ ಹಾಗಿರ್ಲಿಲ್ಲ. ಜೊತೆಗೆ ಐಸ್‌ಕ್ರೀಮನ್ನ ಕರಗದ ಹಾಗೆ ದೂರ ಸಾಗಿಸೋ ಲಾರಿಗಳೂ ಕಮ್ಮಿ. ಹಾಗಾಗಿ ಊರಿಗೊಂದು ಸಣ್ಣ ಫ್ಯಾಕ್ಟರಿ, ಊರಿಗೊಂದು ಹೆಸರು, ಆ ಊರಿನ ನಾಲಿಗೆಗೆ ತಕ್ಕ ರುಚಿ. ಆಮೇಲೆ ದೊಡ್ಡವರು ಬಂದ್ರು, ಅಂಗಡಿಗಳಿಗೆ ಫ್ರೀಜರ್ ಕೊಟ್ರು, ನಮ್ಮ ಫ್ರೀಜರಲ್ಲಿ ಬೇರೆಯವರ ಮಾಲು ಇಡಬೇಡಿ ಅನ್ನೋ ಷರತ್ತೂ ಬಂತು, ಸಣ್ಣವರಿಗೆ ನಿಲ್ಲೋದು ಕಷ್ಟ ಆಯ್ತು.

ಆದ್ರೂ ಬೆಂಗಳೂರು ಪೂರ್ತಿ ಸೋತಿಲ್ಲ. 1982ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ ಶುರುವಾದ ಕಾರ್ನರ್ ಹೌಸ್ ಇವತ್ತಿಗೂ ತುಂಬಿ ತುಳುಕತ್ತೆ, ಡಿಬಿಸಿ ಅಂದ್ರೆ ಸಾಕು, ಡೆತ್ ಬೈ ಚಾಕೊಲೇಟ್ ಅಂತ ಬಿಡಿಸಿ ಹೇಳೋ ಅಗತ್ಯ ಈ ಊರಲ್ಲಿಲ್ಲ. 2002ರಲ್ಲಿ ಹುಟ್ಟಿದ ಡೈರಿ ಡೇ ಕೂಡ ಇಲ್ಲಿಯದೇ. ಎಂಟಿಆರ್ ಊಟದ ಕೊನೆಗೆ ಬರೋ ಫ್ರೂಟ್ ಸಲಾಡ್ ಐಸ್‌ಕ್ರೀಮನ್ನೂ ನಾನು ಈ ಲೆಕ್ಕಕ್ಕೆ ಸೇರಿಸ್ತೀನಿ.

ಪ್ರಶ್ನೆ: ಕೆಲವು ಡಬ್ಬದ ಮೇಲೆ ಐಸ್‌ಕ್ರೀಮ್ ಅಂತ ಇರತ್ತೆ, ಕೆಲವದರ ಮೇಲೆ ಫ್ರೋಜನ್ ಡೆಸರ್ಟ್ ಅಂತ. ಎರಡೂ ಒಂದೇನಾ? ಮಕ್ಕಳಿಗೆ ಯಾವುದು ಕೊಡ್ಲಿ? (ತುಮಕೂರಿನ ತಾಯಿ)

ಉತ್ತರ: ಒಂದೇ ಅಲ್ಲಮ್ಮ. ಐಸ್‌ಕ್ರೀಮ್ ಅಂತ ಬರೀಬೇಕಂದ್ರೆ ಒಳಗಿರೋ ಫ್ಯಾಟು ಹಾಲಿನದ್ದೇ ಆಗಿರ್ಬೇಕು, ಸಾಮಾನ್ಯ ಐಸ್‌ಕ್ರೀಮಲ್ಲಿ ಕನಿಷ್ಠ ನೂರಕ್ಕೆ 10. ಮೀಡಿಯಂ ಫ್ಯಾಟ್ ಅಂತಿದ್ರೆ 2.5ರಿಂದ 10ರ ಒಳಗೆ, ಲೋ ಫ್ಯಾಟ್ ಅಂತಿದ್ರೆ 2.5ಕ್ಕಿಂತ ಹೆಚ್ಚಿರಬಾರದು. ಫ್ರೋಜನ್ ಡೆಸರ್ಟ್ ಅಂದ್ರೆ ಅದರಲ್ಲಿ ಸಸ್ಯದ ಎಣ್ಣೆ ಅಥವಾ ಕೊಬ್ಬು ಬಳಸಿರ್ತಾರೆ, ಹಾಲಿನ ಪುಡಿ ಇದ್ರೂ ಕೆನೆ ಜಾಗದಲ್ಲಿ ಎಣ್ಣೆ. ಅದು ವಿಷ ಅಂತಲ್ಲ, ಕಾನೂನಿನಲ್ಲಿ ಅವಕಾಶ ಇದೆ, ತಿಂದೋರಿಗೆ ತಕ್ಷಣ ಏನೂ ಆಗಲ್ಲ. ಆದ್ರೆ ಎಣ್ಣೆಯದ್ದನ್ನ ಹಾಲಿನದ್ದು ಅಂದ್ಕೊಂಡು ದುಡ್ಡು ಕೊಟ್ಟು ತರೋದು ತಪ್ಪಬೇಕು. ಡಬ್ಬದ ಮುಂದೆ ಹಣ್ಣಿನ ಚಿತ್ರ ಎಷ್ಟೇ ದೊಡ್ಡದಿದ್ರೂ ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ, ಪಾಮ್ ಎಣ್ಣೆ, ವೆಜಿಟೆಬಲ್ ಆಯಿಲ್ ಅಂತ ಇದ್ರೆ ಗೊತ್ತಾಯ್ತಲ್ಲ.

ಇನ್ನೊಂದು ಸುಲಭದ ದಾರಿ, ತೂಕ ನೋಡೋದು. ಐಸ್‌ಕ್ರೀಮ್ ಲೀಟರಿಗೆ ಕನಿಷ್ಠ 525 ಗ್ರಾಂ ತೂಗ್ಬೇಕು ಅಂತ ನಿಯಮ, ಅದಕ್ಕಿಂತ ಹಗುರ ಇದ್ರೆ ಗಾಳಿ ಜಾಸ್ತಿ ಅಂತ ಅರ್ಥ. ಡಬ್ಬದ ಮೇಲೆ ಎಷ್ಟು ಮಿಲಿ, ಎಷ್ಟು ಗ್ರಾಂ ಎರಡೂ ಇದ್ರೆ ಅಂಗಡಿಯಲ್ಲೇ ನಿಂತು ಲೆಕ್ಕ ಹಾಕಬಹುದು, ಎರಡು ಬ್ರಾಂಡ್ ಪಕ್ಕಪಕ್ಕ ಹಿಡಿದು ನೋಡಿದ್ರೆ ಯಾವುದರಲ್ಲಿ ಮಾಲು ಹೆಚ್ಚಿದೆ ಅಂತ ತಿಳಿಯತ್ತೆ. ಮಕ್ಕಳಿಗೆ ಯಾವುದು ಅಂತ ಕೇಳಿದ್ರೆ ನನ್ನ ಉತ್ತರ ಹಾಲಿನ ಫ್ಯಾಟಿನದ್ದೇ, ಸಣ್ಣ ಕಪ್ಪು ಸಾಕು, ವಾರಕ್ಕೊಂದು ಸಲ ಸಾಕು.